ಅಪ್‌ಡೇಟ್: ಪಿಕಪ್‌ಗೆ ಡೀಸೆಲ್ಲಾ, ಪೆಟ್ರೋಲಾ?
ಸಣ್ಣ ಪಿಕಪ್‌ಗೆ ಡೀಸೆಲ್ ಎಂಜಿನ್ ಸರಿಹೋಗುತ್ತಾ ಅಂತ ಕೇಳಿದ್ದೆನಲ್ಲ, ಕೊನೆಗೆ ಪೆಟ್ರೋಲ್ ಗಾಡಿಯನ್ನೇ ತಗೊಂಡೆ.

ಎರಡನ್ನೂ ಲೋಡ್ ಹಾಕಿ ಏರಿನಲ್ಲಿ ಓಡಿಸಿ ನೋಡಿದೆ. ಡೀಸೆಲ್ 1,800 ಆರ್‌ಪಿಎಂನಲ್ಲೇ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಆರಾಮಾಗಿ ಎಳೆಯಿತು. ಪೆಟ್ರೋಲ್‌ನಲ್ಲಿ ಗೇರ್ ಇಳಿಸಿ, ಎಂಜಿನ್ ಕಿರುಚಿಸಬೇಕಾಯಿತು. ಮೈಲೇಜಿನಲ್ಲೂ ಡೀಸೆಲ್ಲೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಆದರೆ ನನ್ನ ಓಡಾಟ ಜಾಸ್ತಿ ಅಂದ್ರೆ ನಾಲ್ಕೈದು ಕಿಲೋಮೀಟರ್. ಡೀಸೆಲ್ ಗಾಡಿಯ ಡಿಪಿಎಫ್ ಅನ್ನೋ ಹೊಗೆ ಫಿಲ್ಟರ್‌ನಲ್ಲಿ ಕೂತ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಇಷ್ಟು ಗಿಡ್ಡ ಓಟದಲ್ಲಿ ಅದು ಅಷ್ಟು ಕಾಯುವುದೇ ಇಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಷ್ಟೋ ಡೀಸೆಲ್ ಮಾಡೆಲ್‌ಗಳಿಗೆ ಹೊಗೆಯಲ್ಲಿನ ವಿಷಾನಿಲ ತಗ್ಗಿಸೋ ಯೂರಿಯಾ ದ್ರಾವಣ ಬೇರೆ ತುಂಬಿಸುತ್ತಿರಬೇಕು.

ದಿನಾ ಹೈವೇ, ಹಿಂದೆ ಟ್ರೈಲರ್ ಇದ್ದವರು ಕಣ್ಣು ಮುಚ್ಚಿ ಡೀಸೆಲ್ ತಗೊಳ್ಳಿ. ನಾನು ಹೇರುವುದು ಏಣಿ, ಪೈಪು, ಟೂಲ್ ಬಾಕ್ಸ್. ಅಷ್ಟಕ್ಕೆ ಡೀಸೆಲ್‌ನ ಆ ಟಾರ್ಕ್, ಅಂದ್ರೆ ಎಳೆಯೋ ಬಲ, ಸುಮ್ನೆ ದಂಡ ಅಲ್ವಾ?