ಮರಗಸಿಗೆ ಬೆಳಕು ಅಳೆಯುವ ಸೆನ್ಸರ್ ಲೆಕ್ಕ ತಪ್ಪುವುದೇಕೆ?

ಪ್ರಶ್ನೆ (ಸೋಮವಾರಪೇಟೆಯಿಂದ): ನಮಸ್ತೆ ಸರ್. ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಎಷ್ಟು ಮಾಡಿಸಬೇಕೆಂದು ತಿಳಿಯಲು ಕಾಫಿ ತೋಟದಲ್ಲಿ ಎರಡು ಬಗೆಯ ಸೆನ್ಸರ್ ಇಟ್ಟಿದ್ದೇನೆ. ಕಕ್ಕಡದ (ಆಟಿ ತಿಂಗಳ) ಮಳೆ ಹಿಡಿದ ಮೇಲೆ ಜಿಎಲ್5528 ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ರೆಸಿಸ್ಟನ್ಸ್ ಇಳಿಯುವ ಸೆನ್ಸರ್) ನಡುರಾತ್ರಿಯಲ್ಲೂ ಬೆಳಕಿದೆ ಅನ್ನುತ್ತೆ. ಬಿಪಿಡಬ್ಲ್ಯು34 ಫೋಟೊಡಯೋಡ್ (ಬೆಳಕಿಗೆ ತಕ್ಕಷ್ಟು ಕರೆಂಟ್ ಕೊಡುವ ಸೆನ್ಸರ್) ಬಯಲಲ್ಲಿ ಬೆಳಕಿನ ಪ್ರಮಾಣ ಅಳೆಯುವ ಲಕ್ಸ್ ಮೀಟರಿಗೆ ಸರಿಹೊಂದುತ್ತೆ, ಮರದ ನೆರಳಲ್ಲಿ ಮಾತ್ರ ಹೆಚ್ಚು ತೋರಿಸುತ್ತೆ. ತಾಮ್ರ ಬೆರೆಸಿದರೆ ಎಲ್‌ಡಿಆರ್ ಚುರುಕಾಗುತ್ತೆ ಅಂತಾರೆ, ಹೌದಾ?

ಉತ್ತರ: ಮೊದಲು ನೆರಳಿನ ವಿಷಯ. ಎಲೆ ಕೆಂಪು, ನೀಲಿ ಬೆಳಕನ್ನು ಹೀರಿಕೊಳ್ಳುತ್ತೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡನ್ನು ಮಾತ್ರ ಧಾರಾಳವಾಗಿ ಕೆಳಗೆ ಬಿಡುತ್ತೆ. ಬಿಪಿಡಬ್ಲ್ಯು34ರ ಸಿಲಿಕಾನ್ ಎಲ್ಲಕ್ಕಿಂತ ಜೋರಾಗಿ ಸ್ಪಂದಿಸುವುದು 900 ನ್ಯಾನೋಮೀಟರ್ ಆಸುಪಾಸಿನ ಆ ಇನ್‌ಫ್ರಾರೆಡ್ಡಿಗೇ. ಬಯಲಲ್ಲಿ ಹೊಂದಿಸಿದ ಲೆಕ್ಕ ನೆರಳು ಮರವಾದ ಹಾಲುವಾಣದ ಬುಡದಲ್ಲಿ ತಪ್ಪುವುದು ಇದರಿಂದ. ಅದರ ಬದಲು ಬಿಪಿಡಬ್ಲ್ಯು21 ಫೋಟೊಡಯೋಡ್ ಹಾಕಿ. ಅದರ ಗಾಜೇ ಫಿಲ್ಟರ್, 550ರ ಹತ್ತಿರದ ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುತ್ತೆ. ಲೋಹದ ಕವಚವಿರುವುದರಿಂದ ನಮ್ಮ ಮಳೆಗೂ ತಡೆಯುತ್ತೆ. ಲಕ್ಸಿಗೆ ಸುಮಾರು 10 ನ್ಯಾನೋಆಂಪಿಯರ್ ಕರೆಂಟ್ ಕೊಡುತ್ತೆ. ಅದನ್ನು ವೋಲ್ಟೇಜಾಗಿಸುವ ಆಪ್‌ಆಂಪ್ ಫೀಡ್‌ಬ್ಯಾಕಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ 10,000 ಲಕ್ಸಿಗೆ 1 ವೋಲ್ಟ್. ಬಯಲಿನ ಬಿಸಿಲಿಗೆ 2.2 ಕಿಲೋಓಮ್ ಸಾಕು.

ತಾಮ್ರದ ಮಾತು ಅರ್ಧ ನಿಜ. ಎಲ್‌ಡಿಆರ್‌ನ ಕ್ಯಾಡ್ಮಿಯಂ ಸಲ್ಫೈಡ್ ಪದರಕ್ಕೆ ತಯಾರಿಸುವಾಗಲೇ ತಾಮ್ರ, ಕ್ಲೋರೈಡ್ ಅಷ್ಟಿಷ್ಟು ಸೇರಿಸುತ್ತಾರೆ. ತಾಮ್ರ ಧನ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತೆ, ಎಲೆಕ್ಟ್ರಾನ್‌ಗಳು ಹೆಚ್ಚು ಹೊತ್ತು ಓಡಾಡುತ್ತವೆ. ಅದಕ್ಕೇ ಮಂದ ಬೆಳಕೂ ಗೊತ್ತಾಗುತ್ತೆ, ಬೆಳಕು ಆರಿದ ಮೇಲೆ ಇಳಿಯುವುದು ಮಾತ್ರ ನಿಧಾನ. ಮನೆಯಲ್ಲಿ ಇದನ್ನು ದಯವಿಟ್ಟು ಮಾಡಬೇಡಿ, ಕ್ಯಾಡ್ಮಿಯಂ ವಿಷ.

ರಾತ್ರಿಯ ಬೆಳಕಿಗೆ ಕಾರಣ ಬಹುಶಃ ತೇವ. ಕತ್ತಲಲ್ಲಿ ಜಿಎಲ್5528ರ ರೆಸಿಸ್ಟನ್ಸ್ 1 ಮೆಗಾಓಮ್ ದಾಟಬೇಕು. ಎರಡು ಕಾಲುಗಳ ನಡುವೆ ಉಳಿದ ಬೆಸುಗೆಯ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಅಂಟು) ತೇವ ಎಳೆದುಕೊಂಡರೆ ಕರೆಂಟಿಗೆ ಅಡ್ಡದಾರಿ ಸಿಗುತ್ತೆ, ಸರ್ಕ್ಯೂಟ್ ಅದನ್ನೇ ಬೆಳಕೆಂದು ಓದುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಅದ್ದಿ ತೊಳೆಯಿರಿ, 60 ಡಿಗ್ರಿಯಲ್ಲಿ 4 ಗಂಟೆ ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ಹತ್ತು ನಿಮಿಷ ಬಿಟ್ಟು ಅಳೆಯಿರಿ. ಮೆಗಾಓಮ್ ಬಂದರೆ ಬೋರ್ಡಿಗೂ ಕಾಲುಗಳಿಗೂ ತೇವ ತಡೆಯುವ ಅಕ್ರಿಲಿಕ್ ಕೋಟಿಂಗ್ ಎರಡು ಸಲ ಹಚ್ಚಿ. ಬರದಿದ್ದರೆ ಕಾಲು ಬಿಚ್ಚಿ ಎಲ್‌ಡಿಆರ್ ಒಂದನ್ನೇ ಅಳೆಯಿರಿ. ಆಗಲೂ ಕಡಿಮೆಯಿದ್ದರೆ ಪದರವೇ ಕೆಟ್ಟಿದೆ, ಇ-ತ್ಯಾಜ್ಯಕ್ಕೆ ಕೊಡಿ.

ಮರುಪ್ರಶ್ನೆ: ಕೋಟಿಂಗ್ ಬದಲು ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಆಗುತ್ತಾ ಸರ್?

ಉತ್ತರ: ವಿನೆಗರ್ ವಾಸನೆ ಬರುವುದು ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿಂದು ಹಸಿರು ಕಿಲುಬು ಹಿಡಿಸುತ್ತೆ. ಟ್ಯೂಬಿನ ಮೇಲೆ ‘ನ್ಯೂಟ್ರಲ್ ಕ್ಯೂರ್’ ಎಂದಿರುವುದನ್ನು ತನ್ನಿ. ಸೆನ್ಸರಿನ ಮುಖಕ್ಕೆ ಯಾವುದನ್ನೂ ಮೆತ್ತಬೇಡಿ. ಎಪಾಕ್ಸಿಯಂತೂ ಬಿಸಿಲಿಗೆ ಹಳದಿಯಾಗಿ ರೀಡಿಂಗ್ ಇಳಿಸುತ್ತೆ.