ಎಫ್‌ಎ ಫೈಲು ಚೆನ್ನಾಗಿದೆ, ಪಾಠ ಮಾತ್ರ ಬದಲಾಗಿಲ್ಲ. ಶಿಕ್ಷಕರಿಗೆ ಹೇಗೆ ನೆರವಾಗಲಿ?

ಕ್ಲಸ್ಟರ್ ಸುತ್ತೋನು:
ಎಲ್ಲರಿಗೂ ನಮಸ್ಕಾರ. ನಾನು ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ. ಯಾವ ಶಾಲೆಗೆ ಹೋದರೂ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಮಕ್ಕಳು ಕಲಿಯುತ್ತಿರುವಾಗಲೇ ಮಾಡುವ ಮೌಲ್ಯಮಾಪನ) ಫೈಲು ಅಚ್ಚುಕಟ್ಟಾಗಿದೆ. ಚಟುವಟಿಕೆ, ಕಿರು ಪರೀಕ್ಷೆ, ಅಂಕಪಟ್ಟಿ ಎಲ್ಲ ಇದೆ, ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ಗೂ ಏರಿಸಿದ್ದಾರೆ. ಆದರೆ ಐದನೇ ಕ್ಲಾಸಿನ ನೋಟ್‌ಬುಕ್ ತೆಗೆದು ನೋಡಿದರೆ 52ರಲ್ಲಿ 27 ಕಳೆದು 35 ಅಂತ ಬರೆದ ಮಕ್ಕಳು ಸಾಕಷ್ಟಿದ್ದಾರೆ, ಅದರ ಮೇಲೆ ಕೆಂಪು ಇಂಕಿನ ಗೀಟು ಬಿದ್ದಿದೆ, ಮುಂದಿನ ಪುಟದಲ್ಲಿ ಗುಣಾಕಾರ ಶುರು. ಆ 35 ಎಲ್ಲಿಂದ ಬಂತು ಅಂತ ಯಾರೂ ಕೇಳಿದ ಹಾಗಿಲ್ಲ.

ಮುಂದಿನ ಸಮಾಲೋಚನಾ ಸಭೆಯಲ್ಲಿ ಇದನ್ನೇ ಎತ್ತಿಕೊಳ್ಳೋಣ ಅಂತಿದ್ದೇನೆ. ಪಿಪಿಟಿ ಹಾಕಿ ರೂಪಣಾತ್ಮಕ ಅಂದರೇನು, ಸಂಕಲನಾತ್ಮಕ (ಎಸ್‌ಎ, ಅವಧಿಯ ಕೊನೆಯ ಮೌಲ್ಯಮಾಪನ) ಅಂದರೇನು ಅಂತ ಹೇಳಿ ಪ್ರಯೋಜನವಿಲ್ಲ, ಅದು ಅವರಿಗೆಲ್ಲ ಬಾಯಿಪಾಠ. ಮತ್ತೇನು ಮಾಡಬಹುದು?

ಸೀಮೆಸುಣ್ಣ:
ಸರ್, ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ನೀವು ಶಾಲೆಗೆ ಬಂದ ಕೂಡಲೇ ಮೊದಲು ಏನು ಕೇಳ್ತೀರಿ? ಫೈಲು ತಾನೇ? ಕೇಳೋದನ್ನೇ ನಾವು ರೆಡಿ ಮಾಡಿ ಇಡ್ತೀವಿ. ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ, ಪ್ರತಿ ವಿಷಯಕ್ಕೂ ಚಟುವಟಿಕೆ, ಪ್ರತಿ ಮಗುವಿಗೂ ದಾಖಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ್ದು ಮಗುವಿಗೆ ಎಷ್ಟು ಅರ್ಥವಾಗಿದೆ ಅನ್ನೋದನ್ನ ನಿರಂತರವಾಗಿ ನೋಡಿ ಅಂತ. ಆ ನಿರಂತರ ಅನ್ನೋದು ನಮ್ಮಲ್ಲಿ ನಾಲ್ಕು ತಾರೀಖು ಆಗಿ ಕೂತಿದೆ. ಒಂದು ಟರ್ಮ್ ಫೈಲು ಕೇಳೋದು ಬಿಟ್ಟು, "ನಿನ್ನೆ ಮಕ್ಕಳ ಉತ್ತರ ನೋಡಿ ಇವತ್ತು ಪಾಠದಲ್ಲಿ ಏನು ಬದಲಾಯಿಸಿದ್ರಿ?" ಅಂತ ಕೇಳಿ ನೋಡಿ. ಮೊದಮೊದಲು ತಡವರಿಸ್ತೀವಿ. ಆಮೇಲೆ ಉತ್ತರ ಹುಡುಕೋಕೆ ಶುರು ಮಾಡ್ತೀವಿ.

ಲೆಕ್ಕದ ಟೀಚರ್:
ಆ 35 ನಂಗೆ ಚೆನ್ನಾಗಿ ಗೊತ್ತು ಸರ್! ಮಗು ಬಿಡಿ ಸ್ಥಾನದಲ್ಲಿ 7ರಿಂದ 2 ಕಳೆದಿದೆ, ಹತ್ತರ ಸ್ಥಾನದಲ್ಲಿ 5ರಿಂದ 2 ಕಳೆದಿದೆ. ದೊಡ್ಡದರಲ್ಲಿ ಚಿಕ್ಕದನ್ನ ಕಳೆಯಬೇಕು ಅಂತ ನಾವೇ ಹೇಳಿಕೊಟ್ಟಿದ್ದಲ್ವಾ, ಅದನ್ನ ಚಾಚೂ ತಪ್ಪದೆ ಮಾಡಿದೆ. ಇಂಥ ಮಗುವಿಗೆ ಅದೇ ಥರದ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತೂ ತಪ್ಪೇ ಬರೋದು. ಕಡ್ಡಿ ಕಟ್ಟು ಕೊಟ್ಟು, ಒಂದು ಹತ್ತರ ಕಟ್ಟನ್ನ ಅದರ ಕೈಯಲ್ಲೇ ಬಿಚ್ಚಿಸಿ 12 ಬಿಡಿ ಮಾಡಿಸಬೇಕು.

ನಾನು ಮಾಡೋದು ಸುಲಭದ್ದು. ಪಾಠದ ಮಧ್ಯೆ ಒಂದೇ ಒಂದು ಲೆಕ್ಕ ಬೋರ್ಡ್ ಮೇಲೆ. ಎಲ್ಲರೂ ಸ್ಲೇಟಿನಲ್ಲಿ ಬರೆದು, ನಾನು ಹೇಳಿದಾಗ ಒಟ್ಟಿಗೆ ಎತ್ತಿ ಹಿಡಿಯಬೇಕು. ಕೈ ಎತ್ತಿ ಅಂದರೆ ಯಾವಾಗಲೂ ಅದೇ ಮೊದಲ ಬೆಂಚಿನ ನಾಲ್ಕು ಮಕ್ಕಳು ಎತ್ತೋದು, ಅವರನ್ನ ನೋಡಿ ಕ್ಲಾಸಿಗೆಲ್ಲ ಅರ್ಥ ಆಯ್ತು ಅಂದುಕೊಂಡು ಬಿಡ್ತೀವಿ. ಪ್ರಶ್ನೆಯನ್ನ ಮಾತ್ರ ಹುಷಾರಾಗಿ ಆರಿಸಬೇಕು. "0.6, 0.8ರಲ್ಲಿ ಯಾವುದು ದೊಡ್ಡದು" ಅಂದರೆ ದಶಮಾಂಶ ಗೊತ್ತಿಲ್ಲದವರೂ ಸರಿ ಹೇಳ್ತಾರೆ. "0.6, 0.45" ಅಂತ ಕೇಳಿ, 45 ದೊಡ್ಡದು ಅಂದುಕೊಂಡವರು ಅಲ್ಲೇ ಸಿಕ್ಕಿಬೀಳ್ತಾರೆ.

ಎರಡೇ ಕೋಣೆ:
ಓದೋಕೆ ಚೆನ್ನಾಗಿದೆ ಮೇಡಂ. ನಮ್ಮದು ಇಬ್ಬರೇ ಶಿಕ್ಷಕರಿರೋ ಕಿರಿಯ ಪ್ರಾಥಮಿಕ ಶಾಲೆ. ಒಬ್ಬರು ನಲಿಕಲಿ (ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡ್‌ಗಳ ಮೂಲಕ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ), ಇನ್ನೊಬ್ಬರು ನಾಲ್ಕು ಮತ್ತು ಐದು. ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿ, ನಡುವೆ ತರಬೇತಿಗೆ ಒಬ್ಬರನ್ನ ಕರೆದರೆ ಎಲ್ಲ ಮಕ್ಕಳೂ ಒಬ್ಬರ ತಲೆ ಮೇಲೆ. ಇದರಲ್ಲಿ ಯಾರ 35 ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂರೋದು ಯಾವಾಗ?

ಆದರೂ ಒಂದು ಮಾತು. ನಲಿಕಲಿಯಲ್ಲಿ ಇದು ಮೊದಲೇ ಇದೆ. 1995ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದಾಗಿಂದ ಅದರ ತಿರುಳೇ ಅದು, ಮಗು ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿದೆ ಅಂತ ನೋಡಿ ಮುಂದಿನ ಕಾರ್ಡ್ ಕೊಡೋದು. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಯಾಕೆ ಅದನ್ನ ಮರೀತೀವೋ!

ನಿವೃತ್ತ ಉಪನ್ಯಾಸಕ:
"ಎರಡೇ ಕೋಣೆ" ಹೇಳಿದ್ದು ನ್ಯಾಯವಾದ ಮಾತು. ಹಾಗಾಗಿ ಹೊಸ ಕೆಲಸ ಸೇರಿಸುವ ಮೊದಲು ಏನು ತೆಗೆಯಬಹುದು ಅಂತ ನೋಡಿ. ನನ್ನ ಪ್ರಕಾರ ದಿನನಿತ್ಯದ ಕೆಲಸಕ್ಕೆ ಅಂಕ ಕೊಡುವುದನ್ನು ಬಿಡಬಹುದು. ಇಸ್ರೇಲಿನಲ್ಲಿ ರೂತ್ ಬಟ್ಲರ್ ಅವರು ಮಾಡಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ ಕೊಟ್ಟರು. ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರಿಗೆ ಹೆಚ್ಚು ಲಾಭ ಆಗಲಿಲ್ಲ, ಅಂಕ ಕಂಡ ಮೇಲೆ ಟಿಪ್ಪಣಿ ಯಾರು ಓದ್ತಾರೆ? ಟಿಪ್ಪಣಿ ಅಂದರೆ "ಗುಡ್", "ಇನ್ನೂ ಪ್ರಯತ್ನಿಸು" ಅಲ್ಲ. "ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲು ಆಗುತ್ತಾ? ಕಡ್ಡಿ ಇಟ್ಟು ನೋಡು" ಅಂತ. ಎಲ್ಲರಿಗೂ ದಿನಾ ಬರೆಯಬೇಕಿಲ್ಲ, ದಿನಕ್ಕೆ ಐದು ಮಕ್ಕಳಿಗೆ ಬರೆದರೂ ಆಯಿತು. ಎಫ್‌ಎ ಅಂಕ ಬೇಕೇ ಬೇಕು, ಅದನ್ನು ಕಿರು ಪರೀಕ್ಷೆಗೆ ಉಳಿಸಿಕೊಳ್ಳಿ.

ಸಭೆಗೆ ಬಂದರೆ, ಪ್ರತಿ ಶಿಕ್ಷಕರೂ ಒಂದೇ ಪ್ರಶ್ನೆಗೆ ತಮ್ಮ ಮಕ್ಕಳು ಬರೆದ ಉತ್ತರಗಳನ್ನು ತರಲಿ. ಹೆಸರು ಮುಚ್ಚಿ. ಮೂರು ನಾಲ್ಕು ಜನ ಸೇರಿ, ಒಂದೇ ಬಗೆಯ ತಪ್ಪುಗಳನ್ನು ಒಂದು ಗುಡ್ಡೆ ಮಾಡಲಿ. ಅತಿ ದೊಡ್ಡ ಗುಡ್ಡೆಗೆ ನಾಳೆ ಹತ್ತು ನಿಮಿಷ ಏನು ಮಾಡೋದು ಅಂತ ಅಲ್ಲೇ ತೀರ್ಮಾನಿಸಿ ಎದ್ದು ಹೋಗಲಿ. ಮುಂದಿನ ತಿಂಗಳು ಮೊದಲ ವಿಷಯ ಅದೇ, ಮಾಡಿದ್ದು ಏನಾಯಿತು. ತಪ್ಪುಗಳ ಬಗ್ಗೆ ಮಾತಾಡುವಾಗ ಯಾವ ಶಾಲೆಯದು ಅಂತ ಮಾತ್ರ ಬಾಯಿ ಬಿಡಬೇಡಿ, ಒಮ್ಮೆ ಹೋಲಿಕೆ ಶುರುವಾದರೆ ಮುಂದಿನ ಸಲ ಎಲ್ಲರೂ ಸರಿ ಉತ್ತರದ ಹಾಳೆಗಳನ್ನೇ ಆರಿಸಿ ತರುತ್ತಾರೆ.

ಕ್ಲಸ್ಟರ್ ಸುತ್ತೋನು:
ಎಲ್ಲರಿಗೂ ಥ್ಯಾಂಕ್ಸ್. ಸಭೆಗೆ ಕಳೆಯುವ ಲೆಕ್ಕವನ್ನೇ ಇಟ್ಟುಕೊಳ್ತೀನಿ, ನಾಲ್ಕು ಮತ್ತು ಐದನೇ ಕ್ಲಾಸಿಗೆ ಮಾತ್ರ. ಫೈಲು ಕೇಳೋದು ಬಿಡೋದಕ್ಕೆ ಮೇಲಿನವರ ಒಪ್ಪಿಗೆ ಬೇಕು, ಅದು ಕಷ್ಟ. ಆದರೆ ಶಾಲೆಗೆ ಹೋದಾಗ ಮೊದಲು ನೋಟ್‌ಬುಕ್, ಕೊನೆಗೆ ಫೈಲು ಅಂತ ಮಾಡೋದು ನನ್ನ ಕೈಯಲ್ಲೇ ಇದೆ. ಲೆಕ್ಕದ ಟೀಚರ್, ಸ್ಲೇಟ್ ಎತ್ತಿಸಿದಾಗ ಪಕ್ಕದವರದ್ದು ನೋಡಿ ಬರೆಯೋರಿಗೆ ಏನು ಮಾಡ್ತೀರಿ?

ಲೆಕ್ಕದ ಟೀಚರ್:
ಎತ್ತಿ ಅನ್ನೋವರೆಗೆ ಸ್ಲೇಟ್ ಬೋರಲು ಹಾಕಿಸ್ತೀನಿ ಸರ್. ಆದರೂ ಇಣುಕ್ತಾರೆ. ತಪ್ಪಿಗೆ ಬೈಯೋದು ನಿಲ್ಲಿಸಿದ ಮೇಲೆ ಸ್ವಲ್ಪ ಕಡಿಮೆ ಆಗಿದೆ.