ಅಪ್‌ಡೇಟ್: ಅಮ್ಮನ ಪ್ರೆಡ್ನಿಸೋಲೋನ್, ನಿದ್ದೆ ಮತ್ತು ಮಧ್ಯಾಹ್ನದ ಶುಗರ್

ದಾವಣಗೆರೆಯಿಂದ ಕೇಳಿದ್ದೆನಲ್ಲ: ಲೂಪಸ್‌ಗೆ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳೋ ಕಾಯಿಲೆ) ಅಮ್ಮ ದಿನಾ 20 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ತಗೊಳ್ತಾರೆ, ನಿದ್ದೆ ಇಲ್ಲ, ಮುಖ-ಕಾಲು ಊದಿವೆ, ಏನು ಮಾಡೋದು ಅಂತ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನಿದ್ದೆಗೆ ಕೈಹಿಡಿದಿದ್ದು 'ಪೂರ್ತಿ ಡೋಸ್ ಬೆಳಿಗ್ಗೆಯೇ' ಅನ್ನೋ ಸಲಹೆ. ಮೊದಲು ಬೆಳಿಗ್ಗೆ 10, ರಾತ್ರಿ 10 ಇತ್ತು. ಡಾಕ್ಟರನ್ನು ಕೇಳಿ, 8 ಗಂಟೆಗೆ ತಿಂಡಿ ಆದ ಮೇಲೆ ಒಟ್ಟಿಗೇ ಕೊಡ್ತಿದ್ದೇವೆ. ದೇಹದ ಸ್ವಂತ ಸ್ಟೀರಾಯ್ಡ್ ಹಾರ್ಮೋನ್ ಆದ ಕಾರ್ಟಿಸಾಲ್ ಕೂಡ ಬೆಳಿಗ್ಗೆ ಏರಿ ರಾತ್ರಿ ಇಳಿಯುತ್ತೆ, ಅದಕ್ಕೇ ಇದು ಹೊಂದುತ್ತೆ. ಬಿಸಿ ಹಾಲು, ಜಾಯಿಕಾಯಿಯಿಂದ ಏನೂ ಆಗಲಿಲ್ಲ.

ಆಶ್ಚರ್ಯ ಆಗಿದ್ದು ಶುಗರ್ ನೋಡಿ. ಖಾಲಿ ಹೊಟ್ಟೆಯಲ್ಲಿ 98, ಮಧ್ಯಾಹ್ನ ಊಟವಾಗಿ ಎರಡು ಗಂಟೆ ಕಳೆದ ಮೇಲೆ 236! ಬೆಳಿಗ್ಗೆ ತಗೊಂಡ ಸ್ಟೀರಾಯ್ಡ್ ಸಂಜೆವರೆಗೂ ಶುಗರ್ ಏರಿಸುತ್ತೆ, ಬೆಳಗಾಗೋ ಹೊತ್ತಿಗೆ ಇಳಿದಿರುತ್ತೆ. ಫಾಸ್ಟಿಂಗ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಈಗ ಅನ್ನ ಅರ್ಧಕ್ಕಿಳಿಸಿ ಒಂದು ಜೋಳದ ರೊಟ್ಟಿ, ಜಾಸ್ತಿ ಪಲ್ಯ. ಜೊತೆಗೆ ಶುಗರ್‌ಗೆ ಡಾಕ್ಟರ್ ಬರೆದ ಮಾತ್ರೆ.

ಉಪ್ಪು ಕಡಿಮೆ ಮಾಡೋಕೆ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಂಡಕ್ಕಿ-ಮಿರ್ಚಿ ಬಿಟ್ಟ ಮೇಲೆ ಕಾಲಿನ ಊತ ಇಳೀತು. ಮುಖದ್ದು ಹಾಗೇ ಇದೆ. ಅಲ್ಲಿ ಸೇರೋದು ಹೆಚ್ಚಾಗಿ ಕೊಬ್ಬು, ಡೋಸ್ ಇಳಿದಂತೆ ನಿಧಾನಕ್ಕೆ ಕರಗುತ್ತೆ ಅಂದರು ಡಾಕ್ಟರ್.

'ಮಾತ್ರೆ ನಿಲ್ಲಿಸಿಬಿಡಿ' ಅಂದವರಲ್ಲಿ ಒಂದು ಕೋರಿಕೆ: ಯಾರಿಗೂ ಹಾಗೆ ಹೇಳಬೇಡಿ. ಕೆಲವು ವಾರ ಸ್ಟೀರಾಯ್ಡ್ ತಗೊಂಡ ಮೇಲೆ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ಸ್ವಂತ ಕಾರ್ಟಿಸಾಲ್ ಮಾಡೋದನ್ನು ಕಡಿಮೆ ಮಾಡಿರುತ್ತೆ. ಹಠಾತ್ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಅಷ್ಟೇ, ಕಾಯದೆ ಆಸ್ಪತ್ರೆಗೆ ಹೋಗಿ. ಅಮ್ಮನಿಗೆ ಈಗ 17.5ಕ್ಕೆ ಇಳಿಸಿದ್ದಾರೆ, ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ನಡೀತಿದೆ.